ಕೆನ್ನೆಯೊಳಗಿನ ಹಂದರ

1945ರಲ್ಲಿ ಮುಂಬಯಿಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ತಮ್ಮ ಸಹೋದ್ಯೋಗಿ ಸೂರ್ಯಬಾಯಿ ಅವರ ಜೊತೆ ಸೇರಿ ಒಂದು ಲೇಖನ ಪ್ರಕಟಿಸಿದರು. ಭಾರತದಲ್ಲಿ ಕಂಡ ಮೂರು ಹೊಸ ಬಗೆಯ ಕ್ಯಾನ್ಸರ್‌ಗಳ ವಿವರ ಅದರಲ್ಲಿತ್ತು. ಮೂರಕ್ಕೂ ಅವರು ಲ್ಯಾಟಿನ್ ಹೆಸರು ಹುಡುಕಲಿಲ್ಲ, ರೂಢಿಗಳ ಹೆಸರನ್ನೇ ಇಟ್ಟರು. ತಂಬಾಕಿಗೆ ಸುಣ್ಣ ತಿಕ್ಕಿ ಕೆಳತುಟಿಯ ಒಳಗೆ ಇಟ್ಟುಕೊಳ್ಳುವವರಿಗೆ ಆ ತುಟಿಯಲ್ಲೇ ಬರುವುದು ಖೈನಿ ಕ್ಯಾನ್ಸರ್. ಆಂಧ್ರದ ಕರಾವಳಿಯಲ್ಲಿ ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗೆ ಇಟ್ಟು ಸೇದುವವರ ಅಂಗುಳಲ್ಲಿ ಕಾಣುವುದು ಚುಟ್ಟಾ ಕ್ಯಾನ್ಸರ್. ಸೊಂಟದ ಸುತ್ತ ಧೋತರ ಬಿಗಿಯುವ ಜಾಗದ ಚರ್ಮದಲ್ಲಿ ಹುಟ್ಟುವುದು ಧೋತರ ಕ್ಯಾನ್ಸರ್.

ಈ ಮೂರು ಹೆಸರುಗಳಲ್ಲಿ ಒಂದು ವಾದವಿತ್ತು. ರೋಗ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಮೈಯ ಯಾವ ಜಾಗವನ್ನು ದಿನವೂ ಸುಡುತ್ತೇವೋ ಉಜ್ಜುತ್ತೇವೋ ಅಲ್ಲೇ ಹುಟ್ಟುತ್ತದೆ ಎಂಬ ವಾದ. ಆದರೆ ಆ ಜಾಗದ ಜೀವಕೋಶದೊಳಗೆ ಏನಾಗುತ್ತದೆ? ಮುಂಬಯಿಯ ಪ್ರಯೋಗಾಲಯಗಳು ಈ ಪ್ರಶ್ನೆಯ ಬೆನ್ನು ಹತ್ತಿ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದವು. ಆ ದಾರಿಯಲ್ಲಿ ಸಿಕ್ಕ ಒಂದು ಉತ್ತರದ ಹೆಸರು ಕೆರಾಟಿನ್.

ಕಥೆ ಶುರುವಾಗುವುದು ಪರೇಲ್‌ನಲ್ಲಿ. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿಯವರೂ ಹೋದರು. ಅವರು ಬಿಟ್ಟುಹೋದ ಟ್ರಸ್ಟಿನ ಹಣದಿಂದ ಗಿರಣಿಗಳ ಊರಾದ ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಎದ್ದು ನಿಂತಿತು. 1941ರ ಫೆಬ್ರವರಿ 28ರಂದು ಅದರ ಬಾಗಿಲು ತೆರೆಯಿತು. ಪ್ರಯೋಗಾಲಯಗಳ ಹೊಣೆ ಖಾನೋಲ್ಕರ್ ಅವರದು. 1944ರಲ್ಲಿ ಅವರು ಮುಂಬಯಿಯ 1,000 ಬಾಯಿ ಕ್ಯಾನ್ಸರ್ ಪ್ರಕರಣಗಳನ್ನು ಒಂದನ್ನೂ ಬಿಡದೆ ಸಾಲಾಗಿ ಪರಿಶೀಲಿಸಿ ಬರೆದರು. 1952ರಲ್ಲಿ ಅವರ ನೇತೃತ್ವದಲ್ಲೇ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆರಂಭವಾಯಿತು.

ಎಣಿಕೆಯ ಕೆಲಸ ಆಸ್ಪತ್ರೆಯ ಗೋಡೆ ದಾಟಿಯೂ ಮುಂದುವರಿಯಿತು. 1963ರಲ್ಲಿ ಡಿ. ಜೆ. ಜಸ್ಸಾವಾಲಾ ಅವರ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಮುಂಬಯಿ ಕ್ಯಾನ್ಸರ್ ನೋಂದಣಿಯನ್ನು ಶುರುಮಾಡಿತು. ಇಡೀ ನಗರದ ಜನಸಂಖ್ಯೆಯನ್ನು ಆಧಾರವಾಗಿ ಇಟ್ಟುಕೊಂಡು ಕ್ಯಾನ್ಸರ್ ಲೆಕ್ಕ ಬರೆದ ದೇಶದ ಮೊದಲ ದಾಖಲೆ ಅದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದಂತವೈದ್ಯ ಫಾಲಿ ಮೆಹ್ತಾ ಅವರ ತಂಡ ಹಳ್ಳಿಗಳಿಗೆ ಹೊರಟಿತು. 1969ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯಲ್ಲಿ 50,915 ಹಳ್ಳಿಗರ ಬಾಯಿ ಪರೀಕ್ಷೆಯಾಗಿತ್ತು. ಕ್ಯಾನ್ಸರ್‌ಗೆ ಮೊದಲೇ ಬಾಯಲ್ಲಿ ಕಾಣುವ ಬಿಳಿ ಮಚ್ಚೆಗಳನ್ನು ಅವರು ಕ್ರಮವಾಗಿ ಗುರುತಿಸಿದರು.

ಎಷ್ಟೇ ಎಣಿಸಿದರೂ ಜೀವಕೋಶದ ಒಳಗನ್ನು ನೋಡಲಾಗುವುದಿಲ್ಲ. ಅದಕ್ಕೆ ಜೀವಕೋಶಗಳನ್ನು ದೇಹದ ಹೊರಗೆ ಸಾಕುವುದು ಬರಬೇಕು. ಆ ವಿದ್ಯೆಯನ್ನು ಪರೇಲ್‌ಗೆ ತಂದವರು ಪುಣೆಯಲ್ಲಿ ಹುಟ್ಟಿದ ಕಮಲ್ ರಣದಿವೆ. ಖಾನೋಲ್ಕರ್ ಅವರ ಕೈಕೆಳಗೆ ಸಂಶೋಧನೆ ನಡೆಸಿ 1949ರಲ್ಲಿ ಡಾಕ್ಟರೇಟ್ ಪಡೆದ ಅವರು ಅಮೆರಿಕಕ್ಕೆ ಹೋಗಿ ಜಾನ್ಸ್ ಹಾಪ್ಕಿನ್ಸ್‌ನ ಜಾರ್ಜ್ ಗೇ ಅವರಲ್ಲಿ ಕಲಿತರು. ಮನುಷ್ಯ ಜೀವಕೋಶಗಳ ಮೊದಲ ಅಮರ ಸಂತತಿಯಾದ ‘ಹೀಲಾ’ ಬೆಳೆದದ್ದು ಇದೇ ಗೇ ಅವರ ಪ್ರಯೋಗಾಲಯದಲ್ಲಿ. ಹಿಂದಿರುಗಿದ ರಣದಿವೆ ಮುಂಬಯಿಯಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಕಟ್ಟಿದರು.

ಜೀವಕೋಶವನ್ನು ನೀರು ತುಂಬಿದ ಚೀಲ ಎಂದು ಕಲ್ಪಿಸಿಕೊಳ್ಳುವವರು ಬಹಳ. ನಿಜದಲ್ಲಿ ಅದರೊಳಗೆ ಒಂದು ಹಂದರವಿದೆ. ಮದುವೆ ಮನೆಯ ಮುಂದಿನ ಹಂದರದಲ್ಲಿ ಕಂಬ, ಗಳ, ಹಗ್ಗ ಒಂದೊಂದೂ ಬೇರೆ ಬೇರೆ ಕೆಲಸ ಮಾಡುವ ಹಾಗೆ ಇಲ್ಲೂ ಮೂರು ಬಗೆಯ ಎಳೆಗಳಿವೆ. ಆಕ್ಟಿನ್ ಎಳೆಗಳು ತೀರ ತೆಳು, ಸುಮಾರು 7 ನ್ಯಾನೊಮೀಟರ್. ಜೀವಕೋಶ ಚಲಿಸುವುದಕ್ಕೆ ಅವು ಬೇಕು. ಸೂಕ್ಷ್ಮನಾಳಗಳು ಸುಮಾರು 25 ನ್ಯಾನೊಮೀಟರ್ ದಪ್ಪ. ಅವು ಒಳಗಿನ ಸಾಗಾಣಿಕೆಯ ಹಳಿಗಳು. ಇವೆರಡರ ನಡುವೆ, ಸುಮಾರು 10 ನ್ಯಾನೊಮೀಟರ್ ಅಳತೆಯವು ಮಧ್ಯಮ ತಂತುಗಳು. ಎಳೆದರೂ ಹರಿಯದೆ ತಡೆದುಕೊಳ್ಳುವುದು ಅವುಗಳ ಗುಣ. ಚರ್ಮ, ಕರುಳು, ಬಾಯಿಯ ಒಳಪದರ ಇವುಗಳ ಜೀವಕೋಶಗಳಲ್ಲಿ ಈ ತಂತುಗಳನ್ನು ಹೆಣೆಯುವ ಪ್ರೋಟೀನೇ ಕೆರಾಟಿನ್. ಹೆಸರು ಬಂದದ್ದು ಕೊಂಬು ಎಂಬ ಅರ್ಥದ ಗ್ರೀಕ್ ಪದದಿಂದ. ಉಗುರು, ಕೂದಲು, ಕೊಂಬು ಎಲ್ಲ ಇದರದೇ ಗಟ್ಟಿ ರೂಪಗಳು.

ಕೆರಾಟಿನ್ ಎಂದರೆ ಒಂದೇ ಪ್ರೋಟೀನಲ್ಲ. 1982ರಲ್ಲಿ ಜರ್ಮನಿಯ ರೋಲಾಂಡ್ ಮೋಲ್, ವರ್ನರ್ ಫ್ರಾಂಕೆ ಮತ್ತು ಜೊತೆಗಾರರು ಮನುಷ್ಯರಲ್ಲಿ 19 ಬಗೆಗಳನ್ನು ಗುರುತಿಸಿ ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಇಂದು ಅವುಗಳ ಜೀನ್‌ಗಳ ಲೆಕ್ಕ 54ಕ್ಕೆ ಬಂದಿದೆ. ಅವು ಯಾವಾಗಲೂ ಜೋಡಿಯಾಗಿಯೇ ಇರುತ್ತವೆ. 5 ಮತ್ತು 14ರ ಜೋಡಿ ಚರ್ಮ ಮತ್ತು ಬಾಯಿಯ ಒಳಪದರದ ಬುಡದ ಸಾಲಿನಲ್ಲಿ. ಕೆನ್ನೆಯ ಒಳಭಾಗದಲ್ಲಿ ಅದರ ಮೇಲಿನ ಸಾಲುಗಳಲ್ಲಿ 4 ಮತ್ತು 13. ಪಿತ್ತಕೋಶ, ಕರುಳಿನಂಥ ಒಂಟಿ ಪದರದ ಜಾಗಗಳಲ್ಲಿ 8 ಮತ್ತು 18. ಅಂದರೆ ಜೀವಕೋಶದ ಕೆರಾಟಿನ್ ನೋಡಿದರೆ ಅದರ ಊರು ಗೊತ್ತಾಗುತ್ತದೆ, ಮಾತಿನ ಧಾಟಿ ಕೇಳಿ ಇವರು ಧಾರವಾಡದವರು, ಇವರು ಮಂಗಳೂರಿನವರು ಎಂದು ಗುರುತಿಸುವ ಹಾಗೆ.

ಪರೇಲ್‌ನ ಸಂಶೋಧಕರಿಗೆ ಇದು ಹೊಸ ಕನ್ನಡಿಯಾಯಿತು. ಕೆನ್ನೆಯ ಜೀವಕೋಶ ಕ್ಯಾನ್ಸರ್ ಆದಾಗ ತನ್ನ ಊರಿನ ಮಾತನ್ನೇ ಆಡುತ್ತದೆಯೇ? ಎ. ಎನ್. ಭಿಸೆ, ಮಿಲಿಂದ್ ವೈದ್ಯ ಮತ್ತು ಟಾಟಾ ಆಸ್ಪತ್ರೆಯ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರ: ಇಲ್ಲ. ಕೆನ್ನೆಯ ಒಳಪದರದ ಕ್ಯಾನ್ಸರ್‌ನಲ್ಲಿ ಕೆರಾಟಿನ್‌ಗಳ ಮಾದರಿಯೇ ಬದಲಾಗಿತ್ತು. ಆಮೇಲಿನ ಅಧ್ಯಯನಗಳು ನಾಲಗೆ, ವಸಡಿನ ಗೆಡ್ಡೆಗಳನ್ನೂ ನೋಡಿದವು. ಆ ಜಾಗದಲ್ಲಿ ಸಾಮಾನ್ಯವಾಗಿ ಇರಬಾರದ 8 ಮತ್ತು 18ರ ಜೋಡಿ ಬಾಯಿಯ ಗೆಡ್ಡೆಗಳಲ್ಲಿ ಕಾಣಿಸಿಕೊಳ್ಳುವುದು ಸ್ಪಷ್ಟವಾಯಿತು.

ಈ ಬದಲಾವಣೆ ರೋಗದ ಗುರುತು ಮಾತ್ರವೋ, ರೋಗಕ್ಕೆ ಕೈ ಜೋಡಿಸುವುದೂ ಅದೇಯೋ? ಇದನ್ನು ತಿಳಿಯಲು ಜೀವಂತ ಜೀವಕೋಶಗಳು ಬೇಕಿದ್ದವು. 1990ರಲ್ಲಿ ಇದೇ ಸಂಸ್ಥೆಯ ವಿಜ್ಞಾನಿಗಳು ಭಾರತೀಯ ರೋಗಿಗಳ ಬಾಯಿಯ ಗೆಡ್ಡೆಗಳಿಂದ ನಾಲ್ಕು ಜೀವಕೋಶ ಸಂತತಿಗಳನ್ನು ಬೆಳೆಸಿದ್ದರು. ಅದರಲ್ಲೊಂದು, ನಾಲಗೆಯ ಗೆಡ್ಡೆಯಿಂದ ಬಂದದ್ದು, ಎಡಬ್ಲ್ಯು13516. ಸಂಶೋಧನಾ ಕೇಂದ್ರ 2002ರಲ್ಲಿ ನವಿ ಮುಂಬಯಿಯ ಖಾರ್ಘರ್‌ಗೆ, ‘ಆಕ್ಟ್ರೆಕ್’ ಎಂಬ ಹೊಸ ಹೆಸರಿನೊಂದಿಗೆ ಸ್ಥಳಾಂತರಗೊಂಡಾಗ ಈ ಕೆಲಸವೂ ಅಲ್ಲಿಗೆ ಹೋಯಿತು. 2011ರಲ್ಲಿ ವೈದ್ಯ ಅವರ ತಂಡ, ಸೊರಾಬ್ ದಲಾಲ್ ಅವರೊಂದಿಗೆ ಸೇರಿ, ಎಡಬ್ಲ್ಯು13516 ಜೀವಕೋಶಗಳಲ್ಲಿ ಕೆರಾಟಿನ್ 8 ತಯಾರಾಗದಂತೆ ತಡೆದ ಫಲಿತಾಂಶವನ್ನು ಪ್ರಕಟಿಸಿತು. ಜೊತೆಗಾರ 18 ಕೂಡ ಇಲ್ಲವಾಯಿತು. ಜೀವಕೋಶಗಳ ಚಲನೆ ಕುಗ್ಗಿತು, ಸುತ್ತಲಿನ ಪದರವನ್ನು ಕೊರೆದು ನುಗ್ಗುವುದು ಕಡಿಮೆಯಾಯಿತು, ಗೆಡ್ಡೆ ಕಟ್ಟುವ ಶಕ್ತಿ ತಗ್ಗಿತು. ಜೀವಕೋಶವನ್ನು ನೆಲಕ್ಕೆ ಕಚ್ಚಿಸುವ ಇಂಟೆಗ್ರಿನ್ ಎಂಬ ಅಣುವಿನ ಸಂದೇಶಗಳೂ ಬದಲಾಗಿದ್ದವು. ಹಂದರ ಬರೀ ಭಾರ ಹೊರುವುದಿಲ್ಲ, ಒಳಗೂ ಹೊರಗೂ ಸುದ್ದಿ ಮುಟ್ಟಿಸುತ್ತದೆ. ತಪ್ಪು ಹಂದರ ತಪ್ಪು ಸುದ್ದಿ ಮುಟ್ಟಿಸುತ್ತದೆ.

ಈ ಅರಿವಿನಿಂದ ರೋಗಿಗೆ ದಕ್ಕಿದ್ದೇನು ಎಂದು ಕೇಳುವುದು ನ್ಯಾಯವೇ. ಕುತ್ತಿಗೆಯ ಗಂಟಿನಿಂದ ತೆಗೆದ ಚೂರು ಯಾವ ಜಾತಿಯ ಕ್ಯಾನ್ಸರ್ ಎಂದು ಗೊತ್ತಾಗದಾಗ ಕೆರಾಟಿನ್‌ಗೆ ಅಂಟುವ ಪ್ರತಿಕಾಯಗಳನ್ನು ಬಳಸುವುದು ಇಂದು ಆಸ್ಪತ್ರೆಗಳಲ್ಲಿ ನಿತ್ಯದ ಪರೀಕ್ಷೆ. ಅಷ್ಟರಮಟ್ಟಿಗೆ ಲಾಭವಾಗಿದೆ. ಆದರೆ ಕೆರಾಟಿನ್ 8ನ್ನು ಗುರಿಯಾಗಿಸಿ ಬಾಯಿಯ ಕ್ಯಾನ್ಸರ್ ಗುಣಪಡಿಸುವ ಔಷಧಿ ಬಳಕೆಗೆ ಬಂದಿಲ್ಲ. 2020ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷ ಭಾರತದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್‌ನ ಸುಮಾರು 1.35 ಲಕ್ಷ ಹೊಸ ಪ್ರಕರಣಗಳು, ಸುಮಾರು 75 ಸಾವಿರ ಸಾವು. ಜಗತ್ತಿನ ಪ್ರಕರಣಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ನಮ್ಮವು.

ಜೀವ ಉಳಿಸಿದ ಲೆಕ್ಕ ನೋಡಿದರೆ ಖಾನೋಲ್ಕರ್ ಹಿಡಿದ ಹಳೆಯ ದಾರಿಯೇ ಮುಂದಿದೆ. ಕೊಲಾಬಾದ ತಂಡ 36 ಸಾವಿರಕ್ಕೂ ಹೆಚ್ಚು ತಂಬಾಕು ಬಳಕೆದಾರರಿಗೆ ಬಿಡಿ ಎಂದು ಹೇಳುತ್ತ ಬಂದು, 1986ರಲ್ಲಿ ಫಲಿತಾಂಶ ಪ್ರಕಟಿಸಿತು: ಬಿಟ್ಟವರಲ್ಲಿ ಬಿಳಿ ಮಚ್ಚೆಗಳು ಕಡಿಮೆಯಾಗಿದ್ದವು. ತಿರುವನಂತಪುರದಲ್ಲಿ ಸುಮಾರು 1.9 ಲಕ್ಷ ಜನರನ್ನು ಒಳಗೊಂಡು ನಡೆದ ಪ್ರಯೋಗದ ವರದಿ 2005ರಲ್ಲಿ ಬಂತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಆಗಾಗ ಬಾಯಿ ತೆರೆಸಿ ನೋಡಿದ್ದಷ್ಟರಿಂದಲೇ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಶೇ. 34ರಷ್ಟು ತಗ್ಗಿತ್ತು.

ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಅಂಗಡಿಯವನು ಎರಡನ್ನೂ ಒಟ್ಟಿಗೆ ಕೊಡುತ್ತಾನೆ, ಗಿರಾಕಿ ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾನೆ. ಕನ್ನಡಿಗರಿಗೆ ಇನ್ನೂ ಇಕ್ಕಟ್ಟಿನ ಮಾತೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ತೋಟವನ್ನೇ ನಂಬಿದ ಮನೆಗಳಿಗೆ ಈ ವಾಕ್ಯ ನುಂಗಲು ಕಷ್ಟ. ಎಲೆ ಅಡಿಕೆ ಇಲ್ಲದ ಶುಭಕಾರ್ಯವೇ ನಮ್ಮಲ್ಲಿಲ್ಲ.

ಕೆನ್ನೆಯ ಬುಡದ ಸಾಲಿನ ಜೀವಕೋಶಕ್ಕೆ ಈ ಇಕ್ಕಟ್ಟು ಗೊತ್ತಿಲ್ಲ. ದಿನವೂ ಅದೇ ಜಾಗದಲ್ಲಿ ಉಳಿಯುವ ತುತ್ತಿನ ರಸಾಯನಗಳು ಅದರ ಡಿಎನ್‌ಎಗೆ ಪೆಟ್ಟು ಕೊಡುತ್ತವೆ, ಕೆಡುತ್ತಾ ಹೋದ ಜೀವಕೋಶ ತನ್ನ ಹಂದರವನ್ನೇ ಬದಲಿಸಿಕೊಳ್ಳುತ್ತದೆ. ಖಾರ್ಘರ್‌ನ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಈ ಸರಪಳಿಯ ಕೊನೆಯ ಕೊಂಡಿಗಳಲ್ಲೊಂದು. ಮೊದಲ ಕೊಂಡಿಯನ್ನು ನೋಡಲು ಸೂಕ್ಷ್ಮದರ್ಶಕ ಬೇಡ. ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ದಿನೇ ದಿನೇ ಕಡಿಮೆ ತೆರೆಯುವ ಬಾಯಿ, ಇವು ಕನ್ನಡಿಯ ಮುಂದೆ ನಿಂತರೂ ಕಾಣುತ್ತವೆ. ಆ ಹಂತದಲ್ಲೇ ವೈದ್ಯರ ಬಳಿಗೆ ಹೋದವರಿಗೆ ಚಿಕಿತ್ಸೆ ಹಗುರ, ಬದುಕುಳಿಯುವ ಸಾಧ್ಯತೆ ಹೆಚ್ಚು.