ಮಾಡಿಲ್ಲದ ಕಾರು

ಮಳೆಗಾಲದಲ್ಲಿ ಕೊಡೆಯೂ ಸಾಲದ ಕಿರಿಮಂಜೇಶ್ವರದವನು ನಾನು. ಮಾಡು ತೆರೆದ ಕಾರೆಂದರೆ ಮೊದಲಿಂದಲೂ ಗುಮಾನಿ. ಆದರೂ ಧರ್ಮಸ್ಥಳಕ್ಕೆ ಹೋದರೆ ಕಾರು ಸಂಗ್ರಹಾಲಯಕ್ಕೆ ನುಗ್ಗದೆ ಬರುವವನಲ್ಲ. ವೀರೇಂದ್ರ ಹೆಗ್ಗಡೆಯವರು ಕೂಡಿಸಿ, ದುರಸ್ತಿ ಮಾಡಿಸಿ ಇಟ್ಟ ಹಳೆ ಗಾಡಿಗಳವು. ತೆರೆದ ಕಾರು ಕಂಡರೆ ನಾನು ಮೊದಲು ನೋಡುವುದು ಹಿಂಬದಿಯನ್ನೇ: ಮಡಚಿದ ಕ್ಯಾನ್ವಾಸು, ಒಳಗಿನ ಕಮಾನು, ಬಿಗಿಯುವ ಪಟ್ಟಿ.

ತೆರೆದ ಕಾರು ಶೋಕಿಗೆ ಹುಟ್ಟಿದ್ದಲ್ಲ ಮಾರಾಯ್ರೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಮೊದಮೊದಲು ಬಹುಪಾಲು ತೆರೆದದ್ದೇ. ಮುಚ್ಚಿದ ಬಾಡಿಗೆ ದುಡ್ಡು ಜಾಸ್ತಿ. ಹಡ್ಸನ್ ಕಂಪನಿ ಆ ಲೆಕ್ಕ ತಿರುಗಿಸಿತು. 1925ರ ಹೊತ್ತಿಗೆ ಅದರ ಮುಚ್ಚಿದ ಎಸೆಕ್ಸ್, ತೆರೆದ ಎಸೆಕ್ಸಿಗಿಂತ ಅಗ್ಗ. ಬಡವರ ತೆರೆದ ಗಾಡಿ ಸಿರಿವಂತರ ಕನ್ವರ್ಟಿಬಲ್ ಆದದ್ದು ಆಮೇಲೆ. 1939ರ ಪ್ಲಿಮತ್‌ನಲ್ಲಂತೂ ಟಾಪು ಯಂತ್ರಬಲದಿಂದಲೇ ಏಳುತ್ತಿತ್ತು.

ನಮ್ಮ ದೇಶದಲ್ಲಿ ಜನರಲ್ ಮೋಟಾರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಕಾರು ಜೋಡಿಸತೊಡಗಿತು. ಆದರೆ ಹೊಳೆಗೊಂದು ಕಡವು ದಾಟಬೇಕಿದ್ದ ನಮ್ಮ ಕರಾವಳಿಯಲ್ಲಿ ಕಾರಿಗಿಂತ ದೋಣಿಯದೇ ದರ್ಬಾರು.

ಅತ್ತ, ತನ್ನ 1976ರ ಎಲ್ಡೊರಾಡೊ ಕಾರನ್ನು ಅಮೆರಿಕದ ಕಡೆಯ ಕನ್ವರ್ಟಿಬಲ್ ಎಂದೇ ಕ್ಯಾಡಿಲಾಕ್ ಮಾರಿತು. ಜನ ಕೂಡಿಡಲೆಂದು ಮುಗಿಬಿದ್ದು ಕೊಂಡರು. 1984ರಲ್ಲಿ ಅದೇ ಕಂಪನಿ ಮತ್ತೆ ಕನ್ವರ್ಟಿಬಲ್ ತಂದಾಗ, ಕೊಂಡವರಲ್ಲಿ ಕೆಲವರು ಕೋರ್ಟಿಗೇ ಹೋದರು.