ಬಿಟ್ಟು ಹೋಗಬಲ್ಲ ಆಳು

ಚತುರ ಆಳು, ಪೆದ್ದ ಯಜಮಾನ ಎಂಬ ಜೋಡಿಯ ನಗೆಗತೆ ಇಂಗ್ಲಿಷಿನಿಂದ ಬಂದದ್ದೆಂದು ಹೇಳುವವರು ಶ್ರೀರಂಗಪಟ್ಟಣದ ಕಡೆ ಒಮ್ಮೆ ನೋಡಬೇಕು. ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದ ಸಿಂಗರಾರ್ಯ ಬರೆದ ‘ಮಿತ್ರವಿಂದಾ ಗೋವಿಂದ’ ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ. ಅದಕ್ಕೆ ಆಧಾರ ಶ್ರೀಹರ್ಷನ ‘ರತ್ನಾವಳಿ’. ಮೂಲದಲ್ಲಿ ನಡೆಯುವುದೇನು? ಮಂತ್ರಿ ಯೌಗಂಧರಾಯಣ ದೊರೆಗೆ ಒಂದು ಮಾತೂ ತಿಳಿಸದೆ ಸಿಂಹಳದ ರಾಜಕುಮಾರಿಯನ್ನು ಗೊತ್ತುಮಾಡುತ್ತಾನೆ. ಹಡಗು ಒಡೆದು ಬದುಕಿ ಬಂದವಳನ್ನು ಪಟ್ಟದರಾಣಿಯ ಸೇವೆಗೇ ಸೇರಿಸುತ್ತಾನೆ. ದೊರೆ ಉದಯನ ಅವಳಿಗೆ ಮನಸೋಲುತ್ತಾನೆ, ರಾಣಿಯ ಕೈಗೆ ಸಿಕ್ಕಿಬೀಳುತ್ತಾನೆ, ಕಾಲು ಹಿಡಿಯುತ್ತಾನೆ. ತನ್ನ ಮದುವೆಯ ಹಿಂದೆ ಯಾರ ಕೈಯಿತ್ತೆಂದು ಅವನಿಗೆ ತಿಳಿಯುವುದು ಕಟ್ಟಕಡೆಗೆ. ಆಮೇಲೆ ಮಂತ್ರಿ ಕ್ಷಮೆ ಕೇಳಿದರೆ ಎಲ್ಲವೂ ಸರಿಹೋಯಿತು. 1915ರಲ್ಲಿ ಪಿ. ಜಿ. ವುಡ್‌ಹೌಸ್ ಹುಟ್ಟಿಸಿದ ಜೀವ್ಸ್ ಮುಂದೆ ತನ್ನ ಧಣಿ ಬರ್ಟಿ ವೂಸ್ಟರ್‌ಗೆ ಮಾಡುತ್ತ ಬಂದದ್ದೂ ಇದೇ ತರದ ಕೆಲಸ. ಅಲ್ಲಿ ಮದುವೆ ಮಾಡಿಸುವುದಕ್ಕಿಂತ ತಪ್ಪಿಸುವುದೇ ಹೆಚ್ಚು, ಅಷ್ಟೆ.

ಯೌಗಂಧರಾಯಣ ಆಳಲ್ಲ, ಅಮಾತ್ಯ. ಸೇವಕನ ಜಾಗದಲ್ಲಿರುವುದು ವಿದೂಷಕನಲ್ಲವೇ ಎಂದು ಕೇಳಬಹುದು. ಆದರೆ ವಿದೂಷಕ ವಸಂತಕ ಸಂಬಳಕ್ಕೆ ದುಡಿಯುವವನಲ್ಲ, ದೊರೆಯ ಬ್ರಾಹ್ಮಣ ಗೆಳೆಯ. ಅವನ ಜಾಣತನವೂ ಅಷ್ಟಕ್ಕಷ್ಟೆ: ರಾಣಿ ಅವನನ್ನು ಬಳ್ಳಿಯಿಂದ ಕಟ್ಟಿ ಎಳೆಸಿಕೊಂಡು ಹೋಗುತ್ತಾಳೆ. ಅರಮನೆಯ ನಾಟಕದಲ್ಲಿ ಬುದ್ಧಿ ಇರುವುದು ಅಧಿಕಾರವುಳ್ಳ ಸೇವಕನಲ್ಲಿ. ಇದನ್ನು ಕನ್ನಡಕ್ಕೆ ತಂದ ಸಿಂಗರಾರ್ಯ ಯಾರು? ಮಂತ್ರಿ ತಿರುಮಲಾರ್ಯನ ತಮ್ಮ. ಹದಿನೆಂಟು ಕಚೇರಿಗಳನ್ನು ಏರ್ಪಡಿಸಿ ರಾಜ್ಯ ನಡೆಸಿದನೆಂದು ಹೆಸರಾದ ದೊರೆಯ ಸಭೆಯಲ್ಲಿ, ದೊರೆಗಿಂತ ಮುಂದಾಲೋಚನೆಯ ಮಂತ್ರಿಯ ಕಥೆಯನ್ನು ಆರಿಸಿಕೊಳ್ಳುವ ಧೈರ್ಯ ಅಂಥ ಮನೆಯವನಿಗೆ ಇದ್ದೀತು. ಅದೇ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದು ನಿಜವಾಗಿ ಊಳಿಗ ಮಾಡಿದ ಹೊನ್ನಮ್ಮ ಬರೆದದ್ದು ‘ಹದಿಬದೆಯ ಧರ್ಮ’. ಗೃಹಿಣಿಯ ನಡತೆಯ ಬಗೆಗಿನ ಸಾಂಗತ್ಯ. ಒಡೆಯರನ್ನು ನೋಡಿ ನಗುವ ಸಲಿಗೆ ಸಂಚಿ ಹಿಡಿದವಳಿಗೆ ಇತ್ತೆಂದು ನನಗನ್ನಿಸುವುದಿಲ್ಲ.

ನನ್ನ ವಾದ ಇಲ್ಲಿಗೆ ಬಂದು ನಿಲ್ಲುತ್ತದೆ: ಧಣಿಗಿಂತ ಆಳು ಜಾಣನೆಂಬ ಕಥೆ ಮನೆಯೊಳಗೆ ನಡೆಯಬೇಕಾದರೆ, ಆ ಆಳಿಗೆ ಕೆಲಸ ಬಿಟ್ಟು ಹೋಗುವ ದಾರಿ ಇರಬೇಕು. ಜೀವ್ಸ್‌ಗೆ ಅದು ಇತ್ತು. 1934ರ ಕಾದಂಬರಿಯಲ್ಲಿ ಧಣಿಯ ತಂತಿವಾದ್ಯದ ಕಾಟ ತಡೆಯಲಾರದೆ ಅವನು ಕೆಲಸವನ್ನೇ ಬಿಡುತ್ತಾನೆ. ನಾಗಮಂಗಲ, ಕೃಷ್ಣರಾಜಪೇಟೆ ಕಡೆಯ ಹಳ್ಳಿಯ ಜೀತದಾಳಿಗೆ ಅದೆಲ್ಲಿತ್ತು? ಅಪ್ಪನ ಸಾಲಕ್ಕೆ ಮಗ ಗೌಡರ ದನ ಕಾಯುತ್ತಿದ್ದ ಆ ಪದ್ಧತಿಯನ್ನು ಅಳಿಸಲು 1976ರ ಕಾಯ್ದೆಯೇ ಬೇಕಾಯಿತು. ಅಂಥವನು ಯಜಮಾನನನ್ನು ಬೆರಳತುದಿಯಲ್ಲಿ ಆಡಿಸಿದನೆಂದರೆ ಕೇಳುವವರು ನಂಬುತ್ತಿರಲಿಲ್ಲ. ಹಾಗಾಗಿ ಈ ಸೀಮೆಯ ನಗೆ ಮನೆ ಬಿಟ್ಟು ಬಯಲಿಗೆ ಬಂತು. ಮೂಡಲಪಾಯ ಯಕ್ಷಗಾನದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿ ಅಬ್ಬರಿಸುತ್ತ ಬರುವ ರಾಜನ ಎದುರಿಗೆ ನಿಲ್ಲುವವನು ಕೋಡಂಗಿ. ನೀನು ಯಾರು, ಎಲ್ಲಿಂದ ಬಂದೆ ಎಂದು ಕೇಳಿದಾಗ ಪೌರುಷವೆಲ್ಲ ವಿವರಣೆ ಕೊಡಬೇಕಾಗುತ್ತದೆ. ಅವನು ಭಾಗವತರನ್ನೂ ಬಿಡುವುದಿಲ್ಲ. ಒಂದೇ ರಾತ್ರಿಯಲ್ಲಿ ಈ ರಾಜನಿಗೂ ಆಳಾಗುತ್ತಾನೆ, ಆ ರಾಜನಿಗೂ ಆಳಾಗುತ್ತಾನೆ. ಯಾರ ಮನೆಗೂ ಸೇರಿದವನಲ್ಲ. ತೊಗಲುಗೊಂಬೆಯ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಇದೇ ಜಾತಿಯವರು: ರಾಮಾಯಣದ ಪರದೆಯ ಮೇಲೆ ಊರಿನ ಸುದ್ದಿ ಆಡಿ, ಪೋಲಿ ಮಾತಾಡಿ ಹೊರಟುಬಿಡುವವರು.

ಕೋಡಂಗಿ ಜಾಣನೆಲ್ಲಿ, ಬರೀ ಪೆದ್ದ ಎಂಬ ಆಕ್ಷೇಪ ಅಷ್ಟು ಗಟ್ಟಿಯಲ್ಲ. ತಪ್ಪು ತಿಳಿದವನಂತೆ ನಟಿಸದಿದ್ದರೆ ಅವನು ಒಂದು ಪ್ರಶ್ನೆಯನ್ನೂ ಕೇಳಲಾರ. ಬೆಳಗಾದರೆ ಗೌಡ ಗೌಡನೇ, ಆಳು ಆಳೇ, ಈ ನಗೆಯಿಂದ ಏನಾಯಿತು ಎಂಬುದು ಭಾರವಾದ ಪ್ರಶ್ನೆ. ಏನೂ ಆಗಲಿಲ್ಲವೆಂದೇ ಒಪ್ಪಿಕೊಳ್ಳೋಣ. ಜೀವ್ಸ್ ಕೂಡ ಬರ್ಟಿಯ ಆಸ್ತಿಗೆ ಕೈ ಹಾಕಲಿಲ್ಲ. ಆದರೆ ಅವನ ಮಾತು ಒಂದೊಂದೂ ಅಚ್ಚಾಗಿ ಉಳಿದಿದೆ. ಪ್ರಸಂಗದ ಪುಸ್ತಕಗಳಲ್ಲಿ ಉಳಿದಿರುವುದು ಹೆಚ್ಚಾಗಿ ರಾಜರ ಪದ್ಯಗಳು. ಕೋಡಂಗಿಯ ಮಾತು ಆ ರಾತ್ರಿ ಹುಟ್ಟಿ ಆ ರಾತ್ರಿಗೇ ಮುಗಿಯುವಂಥದ್ದು. ನಾಗಮಂಗಲ ಸೀಮೆಯವರೇ ಆದ ಜೀ. ಶಂ. ಪರಮಶಿವಯ್ಯ, ಎಚ್. ಎಲ್. ನಾಗೇಗೌಡರಂಥವರು ಜನಪದವನ್ನು ಬರೆದಿಡಲು ಹೊರಡುವ ಹೊತ್ತಿಗೆ ಅಂಥ ಎಷ್ಟೋ ರಾತ್ರಿಗಳು ಕಳೆದುಹೋಗಿದ್ದವು.