ಸ್ವರ ಜಾರಿಸುವ ರಾಳ

ಪಿಟೀಲು ವಾದಕರು ಕಚೇರಿಗೆ ಮುನ್ನ ಕಮಾನಿನ ಕೂದಲಿಗೆ ಹಳದಿ ಗಟ್ಟಿಯೊಂದನ್ನು ಉಜ್ಜುವುದನ್ನು ನೀವು ನೋಡಿರಬಹುದು. ಅದು ಪೈನ್ ಮರದ ರಾಳ. ಕಮಾನು ತಂತಿಯನ್ನು ಹಿಡಿದು ಸ್ವರ ಹೊರಡಿಸಲು ಅದು ಬೇಕೇ ಬೇಕು. ಅದೇ ರಾಳ ಎಲೆಕ್ಟ್ರಾನಿಕ್ ವಾದ್ಯದೊಳಗೆ ತಪ್ಪು ಜಾಗದಲ್ಲಿ ಉಳಿದರೆ ಸ್ವರವನ್ನೇ ಜಾರಿಸಿಬಿಡುತ್ತದೆ. ಹೇಗೆ?

ತಾಮ್ರದ ಮೇಲೆ ಆಕ್ಸೈಡ್ ಪದರವಿದ್ದರೆ ಕರಗಿದ ಬೆಸುಗೆ ಅಂಟದೆ ಮಣಿಯಾಗಿ ಉರುಳುತ್ತದೆ. ರಾಳದಲ್ಲಿರುವ ಅಬಿಯೆಟಿಕ್ ಆಮ್ಲ ಕಾವಿನಲ್ಲಿ ಆ ಆಕ್ಸೈಡನ್ನು ತೆಗೆಯುತ್ತದೆ. ತಣಿದಾಗ ಗಾಜಿನಂತೆ ಗಟ್ಟಿಯಾಗಿ ಅವಾಹಕವಾಗಿ ಕೂರುತ್ತದೆ. ಇಷ್ಟು ಒಳ್ಳೆಯ ಗುಣವಿದ್ದೂ ಕಾರ್ಖಾನೆಗಳಿಗೆ ತೃಪ್ತಿಯಿರಲಿಲ್ಲ. ಕೆಲಸ ಬೇಗ ಸಾಗಲೆಂದು ರಾಳಕ್ಕೆ ಹ್ಯಾಲೈಡ್ ಲವಣಗಳಂಥ ಪ್ರಚೋದಕಗಳನ್ನು ಬೆರೆಸಿದರು. ತೊಂದರೆ ಮುಖ್ಯವಾಗಿ ಇವುಗಳದೇ. ಇವುಗಳ ಶೇಷ ಗಾಳಿಯ ತೇವ ಹೀರಿ ಅಯಾನುಗಳನ್ನು ಬಿಡುತ್ತದೆ. ಅವಾಹಕವಾಗಿರಬೇಕಾದ ಜಾಗದಲ್ಲಿ ವಿದ್ಯುತ್ತಿಗೆ ಕಾಲುದಾರಿ ಸಿಗುತ್ತದೆ.

1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ವೋಲ್ಟೇಜಿನಿಂದ ನಿಯಂತ್ರಿಸುವ ಸಂಗೀತ ಸಂಶ್ಲೇಷಕವನ್ನು, ಅಂದರೆ ಸಿಂಥಸೈಜರನ್ನು, ರೂಪಿಸಿದರು. (ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಇಂಥ ಒಂದು ಯಂತ್ರ ಬಂದಿತ್ತು.) ಇದರಲ್ಲಿ ವೋಲ್ಟೇಜು 1 ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಸ್ಥಾಯಿಯಲ್ಲಿ 12 ಅರ್ಧಸ್ವರಗಳು. ಒಂದಕ್ಕೆ ಸುಮಾರು 83 ಮಿಲಿವೋಲ್ಟ್. ಕೀಲಿಯಿಂದ ಬೆರಳೆತ್ತಿದ ಮೇಲೂ ಸ್ವರ ನಿಲ್ಲಬೇಕಲ್ಲ? ಅದಕ್ಕಾಗಿ ಆ ವೋಲ್ಟೇಜನ್ನು ಪುಟ್ಟ ಧಾರಕವೊಂದರಲ್ಲಿ ಕೂಡಿಡುತ್ತಾರೆ.

ಈಗ ಲೆಕ್ಕ ಹಾಕಿ. ಧಾರಕ 10 ನ್ಯಾನೊಫ್ಯಾರಡ್, ಅದರಲ್ಲಿ 3 ವೋಲ್ಟ್ ಇದೆ ಎನ್ನಿ. ಶೇಷದ ರೋಧ 1000 ಮೆಗಾಓಮ್. ಸಾಮಾನ್ಯ ಮಲ್ಟಿಮೀಟರಿಗೆ ಇದು ತೆರೆದ ಮಂಡಲವೇ! ಆದರೂ 3 ನ್ಯಾನೊಆಂಪಿಯರ್ ಸೋರುತ್ತದೆ. ವೋಲ್ಟೇಜು ಸೆಕೆಂಡಿಗೆ ಸುಮಾರು 0.3 ವೋಲ್ಟ್ ಕುಸಿಯತೊಡಗುತ್ತದೆ. ಒಂದೇ ಸೆಕೆಂಡಿನಲ್ಲಿ ಮೂರು ಅರ್ಧಸ್ವರಗಳಿಗೂ ಮಿಗಿಲಾದ ಜಾರಿಕೆ. ಮೀಟರು ಕಾಣದ್ದನ್ನು ಕಿವಿ ಹಿಡಿಯುತ್ತದೆ.

ಕಾರ್ಖಾನೆಗಳು ಈ ಶೇಷವನ್ನು ತೊಳೆಯಲು ಬಹುಕಾಲ ಬಳಸಿದ್ದು ಸಿಎಫ್‌ಸಿ-113 ಎಂಬ ದ್ರಾವಕ. ಬೆಂಕಿ ಹತ್ತದು, ಸುಮಾರು 48 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆರಿಹೋಗುತ್ತದೆ, ಪ್ಲಾಸ್ಟಿಕ್ ಭಾಗಗಳಿಗೂ ಹೆಚ್ಚು ಅಪಾಯವಿಲ್ಲ. ಆರಿ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಕೇಳಿದರು: ಇಂಥ ಅನಿಲಗಳು ಮೇಲಿನ ವಾಯುಮಂಡಲ ಸೇರಿ, ಕ್ಲೋರಿನ್ ಬಿಡುಗಡೆ ಮಾಡಿ ಓಜೋನನ್ನು ನಾಶಮಾಡಬಲ್ಲವು ಎಂದು ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಓಜೋನ್ ರಂಧ್ರದ ವರದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ. ಸಿಎಫ್‌ಸಿ ಇಲ್ಲದೆ ಎಲೆಕ್ಟ್ರಾನಿಕ್ಸ್ ಉದ್ಯಮ ನಡೆದೀತೇ ಎಂಬ ಆತಂಕವಿತ್ತು. ಪರಿಹಾರಗಳಲ್ಲಿ ಒಂದು ಸಿಕ್ಕಿದ್ದು ಕಿತ್ತಳೆ ಸಿಪ್ಪೆಯಲ್ಲಿ. ಅದರ ಟರ್ಪೀನುಗಳು ರಾಳವನ್ನು ಕರಗಿಸುತ್ತವೆ. ಮರದ ರಾಳಕ್ಕೆ ಹಣ್ಣಿನ ಎಣ್ಣೆ! ಇನ್ನೊಂದು ದಾರಿ, ತೊಳೆಯುವ ಅಗತ್ಯವೇ ಇಲ್ಲದ ‘ನೋ-ಕ್ಲೀನ್’ ಫ್ಲಕ್ಸ್.

ಆ ಹೆಸರನ್ನು ಪೂರ್ತಿ ನಂಬಬೇಡಿ. ಗಡಿಯಾರ, ಗಣಕಗಳ ಅಂಕೀಯ ಮಂಡಲಗಳಿಗೆ ಅದು ಸರಿ. ಗಿಗಾಓಮ್‌ಗಳ ಲೆಕ್ಕದಲ್ಲಿ ಕೆಲಸ ಮಾಡುವ ಧಾರಕದ ಸುತ್ತ ಅದೂ ಸೋರಬಲ್ಲದು.

ಹಾಗಾಗಿ, ನೀವೇ ಜೋಡಿಸಿದ ಸಂಶ್ಲೇಷಕ ಸ್ವರ ಹಿಡಿಯದಿದ್ದರೆ ಕೂಡಲೇ ಐಸಿ ಕೀಳಬೇಡಿ. ಸ್ವರ ಇಳಿಯುತ್ತಿದೆಯೋ ಏರುತ್ತಿದೆಯೋ ಕೇಳಿ. ಇಳಿದರೆ ಸೋರಿಕೆ ಭೂಸಂಪರ್ಕದ ಅಥವಾ ಋಣ ವೋಲ್ಟೇಜಿನ ಕಡೆಗೆ. ಏರಿದರೆ ಧನ ವೋಲ್ಟೇಜಿನ ಪಟ್ಟಿಯಿಂದ. ಬಳಿಕ ಆ ಜಾಗದ ಮೇಲೆ ಬಾಯಿಂದ ಮೆಲ್ಲಗೆ ಬೆಚ್ಚನೆ ಉಸಿರು ಬಿಡಿ (ಮುಖ್ಯ ವಿದ್ಯುತ್ ಭಾಗದಿಂದ ದೂರವಿರಿ). ಜಾರಿಕೆ ತೀವ್ರವಾದರೆ ದೋಷ ಬೋರ್ಡಿನ ಮೇಲ್ಮೈಯದು. ವಿದ್ಯುತ್ ತೆಗೆದು, ಕಿಟಕಿ ತೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಷ್ಷಿನಿಂದ ಉಜ್ಜಿ. ಅದು ಆರುವ ಮೊದಲೇ ಬಟ್ಟೆಯಿಂದ ಒತ್ತಿ ತೆಗೆಯಿರಿ. ಇಲ್ಲವಾದರೆ ರಾಳ ತೆಳುವಾಗಿ ಎಲ್ಲೆಡೆ ಹರಡಿ, ಬಿಳಿಯ ಪುಡಿ ಉಳಿದು, ಸ್ಥಿತಿ ಮೊದಲಿಗಿಂತ ಕೆಡಬಹುದು. ಪೂರ್ತಿ ಒಣಗಿದ ಮೇಲೆ ಮತ್ತೆ ಕೀಲಿ ಒತ್ತಿ, ಬೆರಳೆತ್ತಿ, ಕೇಳಿ. ಇನ್ನೂ ಜಾರುತ್ತಿದ್ದರೆ ಆಗ ಧಾರಕವನ್ನು ಬದಲಿಸಿ ನೋಡಿ.